ಕ್ಯಾಂಪಸ್ ಕಟ್ಟಡಗಳಿಗೆ ಮೂರು ವರ್ಷ ಬಿಮ್ ಬಳಸಿದ ಮೇಲೆ ನನ್ನ ಅನುಭವ

ನಮ್ಮ ಯೂನಿವರ್ಸಿಟಿ ಪ್ರಾಜೆಕ್ಟ್‌ಗೆ ಬಿಮ್ (ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್, ಅಂದ್ರೆ ಕಟ್ಟಡದ ಮಾಹಿತಿ ಎಲ್ಲಾ ಇರೋ ಕಂಪ್ಯೂಟರ್ ಮಾಡೆಲ್) ತಂದು ಮೂರು ವರ್ಷ ಆಯ್ತು. ಸೈನ್ಸ್ ಬ್ಲಾಕ್, ಹಾಸ್ಟೆಲ್ ಮುಗ್ದಿದೆ, ಲೈಬ್ರರಿ ನಡೀತಿದೆ. ನಾನು ಕಂಟ್ರಾಕ್ಟರ್ ಕಡೆಯವನಲ್ಲ, ಕಟ್ಟಿಸೋರ ಕಡೆ ಇಂಜಿನಿಯರ್, ಅಂದ್ರೆ ಬಿಲ್ಡಿಂಗ್ ಮುಗಿದು ಎಲ್ಲರೂ ಹೋದ ಮೇಲೂ ಅದನ್ನ ನೋಡ್ಕೊಳ್ಳೋರು ನಾವೇ, ಆ ಲೆಕ್ಕದಲ್ಲೇ ಬರೀತಿದೀನಿ.

ಮಾಡೆಲ್ ಮಾಡೋಕೆ ರೆವಿಟ್, ಎಲ್ಲರ ಮಾಡೆಲ್ ಒಟ್ಟುಗೂಡಿಸಿ ಕ್ಲಾಶ್ (ಒಂದಕ್ಕೊಂದು ಡಿಕ್ಕಿ ಹೊಡೆಯೋ ಜಾಗ) ನೋಡೋಕೆ ನೇವಿಸ್‌ವರ್ಕ್ಸ್, ಈ ಎರಡು ಸಾಫ್ಟ್‌ವೇರ್ ಬಳಸ್ತೀವಿ. ಬಿಮ್ ಅಂದ್ರೆ ಚೆಂದದ 3ಡಿ ಚಿತ್ರ ಅನ್ಕೊಂಡಿರೋರು ಇನ್ನೂ ತುಂಬಾ ಜನ ಇದಾರೆ. ಅಷ್ಟೇ ಅಲ್ಲ, ಬಾಗಿಲು ಅಂತ ಹಾಕಿದ್ರೆ ಅದರ ಅಳತೆ, ಫೈರ್ ರೇಟಿಂಗ್, ಯಾವ ರೂಮಿಂದು ಅನ್ನೋದೆಲ್ಲಾ ಅದರ ಜೊತೆಗೇ ಇರುತ್ತೆ, ಪ್ಲಾನ್‌ನಲ್ಲಿ ಒಂದ್ಸಲ ಸರಿಸಿದ್ರೆ ಸೆಕ್ಷನ್, ಎಲಿವೇಶನ್, ಡೋರ್ ಶೆಡ್ಯೂಲ್ ಎಲ್ಲಾ ಕಡೆ ತಾನಾಗೇ ಬದಲಾಗುತ್ತೆ.

ನನಗೆ ಇದರ ಮೇಲೆ ನಂಬಿಕೆ ಬಂದಿದ್ದು ಸೈನ್ಸ್ ಬ್ಲಾಕ್‌ನಲ್ಲಿ. ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಫ್ಯೂಮ್ ಹುಡ್ (ಕೆಮಿಕಲ್ ಹೊಗೆ ಎಳೆದು ಹೊರಗೆ ಹಾಕೋ ಪೆಟ್ಟಿಗೆ) ಇರೋದ್ರಿಂದ ದೊಡ್ಡ ದೊಡ್ಡ ಎಕ್ಸಾಸ್ಟ್ ಡಕ್ಟ್‌ಗಳು ಟೆರೇಸ್ ತನಕ ಹೋಗ್ಬೇಕು, ಅದೇ ಕಾರಿಡಾರ್ ಸೀಲಿಂಗ್‌ನಲ್ಲಿ ಕೇಬಲ್ ಟ್ರೇ, ಸ್ಪ್ರಿಂಕ್ಲರ್ ಪೈಪ್, ಮೇಲಿನ ಫ್ಲೋರಿನ ಡ್ರೈನ್ ಎಲ್ಲಾ ಇರ್ಬೇಕು. 2ಡಿ ಡ್ರಾಯಿಂಗ್ ಒಂದೊಂದಾಗಿ ನೋಡಿದ್ರೆ ಎಲ್ಲಾ ಸರಿಯಾಗೇ ಇತ್ತು. ಆದ್ರೆ ಡ್ರೈನ್‌ಗೆ ಇಳಿಜಾರು ಬೇಕಲ್ವಾ, 1:100 ಅಂದ್ರೆ 18 ಮೀಟರ್ ಹೋಗೋ ಹೊತ್ತಿಗೆ 180 ಎಂಎಂ ಕೆಳಗೆ ಬರುತ್ತೆ. ಶುರುವಿನಲ್ಲಿ ಡಕ್ಟ್ ಮೇಲೆ ಆರಾಮಾಗಿ ಹೋಗ್ತಿದ್ದ ಪೈಪು ಶಾಫ್ಟ್ (ಪೈಪ್‌ಗಳು ಮೇಲೆ ಕೆಳಗೆ ಹೋಗೋ ಜಾಗ) ಹತ್ರ ಬರ್ತಾ ಸೀದಾ ಡಕ್ಟ್ ಒಳಗೇ ನುಗ್ಗಿತ್ತು, ಮಾಡೆಲ್‌ನಲ್ಲಿ ಕೆಂಪಗೆ ಕಾಣ್ತಿತ್ತು. ಆಗಿನ್ನೂ ಆ ಫ್ಲೋರ್ ಬೀಮ್‌ಗೆ ಕಂಬಿ ಕಟ್ಟಿರ್ಲಿಲ್ಲ. ಪೈಪ್ ದಾರಿ ಬದಲಾಯಿಸಿ, ಎರಡು ಬೀಮ್‌ನಲ್ಲಿ ಸ್ಟ್ರಕ್ಚರಲ್ ಇಂಜಿನಿಯರ್ ಒಪ್ಪಿದ ಜಾಗದಲ್ಲೇ ಸ್ಲೀವ್ (ಪೈಪ್ ಹೋಗೋಕೆ ತೂತು ಬಿಡೋ ಕೊಳವೆ) ಇಟ್ಟು ಕಾಂಕ್ರೀಟ್ ಹಾಕಿಸಿದ್ವಿ. ಹಿಂದಿನ ಕಟ್ಟಡಗಳಲ್ಲಿ ಇಂಥದ್ದಕ್ಕೆ ಆಮೇಲೆ ಕೋರ್ ಕಟಿಂಗ್ (ಗಟ್ಟಿಯಾದ ಕಾಂಕ್ರೀಟ್‌ನಲ್ಲಿ ತೂತು ಕೊರೆಯೋದು) ಮಾಡಿಸ್ತಾ, ಎಲ್ಲಿ ಕಂಬಿ ಕಟ್ ಆಗುತ್ತೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡು ನಿಂತಿದ್ದು ನೆನಪಿದೆ.

ಹಾಗಂತ ಬಟನ್ ಒತ್ತಿದ ತಕ್ಷಣ ಉತ್ತರ ಸಿಗುತ್ತೆ ಅನ್ಕೋಬೇಡಿ. ಮೊದಲ ಸಲ ಕ್ಲಾಶ್ ಟೆಸ್ಟ್ ಹಾಕಿದಾಗ ಸಾವಿರಗಟ್ಟಲೆ ಬಂತು, ಮುಕ್ಕಾಲು ಪಾಲು ಕೆಲಸಕ್ಕೆ ಬಾರದ್ದು, ಒಂದೇ ಕಾಲಮ್‌ನ ಆರ್ಕಿಟೆಕ್ಟೂ ಹಾಕಿದಾರೆ ಸ್ಟ್ರಕ್ಚರಲ್‌ನೋರೂ ಹಾಕಿದಾರೆ, ಅದೂ ಕ್ಲಾಶೇ. ಟಾಲರೆನ್ಸ್ (ಎಷ್ಟರ ಮಟ್ಟಿಗೆ ತಾಗಿದ್ರೆ ಬಿಡಬಹುದು ಅನ್ನೋದು) ಸೆಟ್ ಮಾಡಿ, ಗುಂಪು ಮಾಡಿ, ಡ್ರೈನ್ ಮೊದಲು, ಆಮೇಲೆ ದೊಡ್ಡ ಡಕ್ಟ್, ಸಣ್ಣ ಪೈಪ್‌ಗಳು ಬಗ್ಗಿಸ್ಕೊಂಡು ಹೋಗ್ಲಿ ಅಂತ ನಿಯಮ ಮಾಡ್ಕೊಂಡ ಮೇಲೇನೇ ವಾರದ ಮೀಟಿಂಗ್‌ಗೆ ಒಂದು ಅರ್ಥ ಬಂತು.

ಕ್ಯಾಂಪಸ್ ಕೆಲಸ ಆದ್ರೆ ಕೋಆರ್ಡಿನೇಟ್ಸ್ (ಸೈಟ್‌ನಲ್ಲಿ ಯಾವ ಕಟ್ಟಡ ಎಲ್ಲಿ ಅನ್ನೋ ಲೆಕ್ಕ) ಮೊದಲ ದಿನವೇ ಫಿಕ್ಸ್ ಮಾಡಿ. ಒಂದೊಂದು ಕಟ್ಟಡಕ್ಕೆ ಒಂದೊಂದು ಫೈಲ್ ಇರುತ್ತೆ, ನಾವು ತಡ ಮಾಡಿ ಹಾಸ್ಟೆಲ್‌ನ ಸೈಟ್ ಮಾಡೆಲ್‌ಗೆ ಲಿಂಕ್ ಮಾಡಿದಾಗ ಅದು ರಸ್ತೆ ಮೇಲೆ ಹೋಗಿ ಕೂತಿತ್ತು. ವರ್ಶನ್ ಕೂಡ ಬರೆದು ಒಪ್ಪಿಸ್ಕೊಳ್ಳಿ, ಹೊಸ ವರ್ಶನ್‌ನಲ್ಲಿ ಸೇವ್ ಮಾಡಿದ ರೆವಿಟ್ ಫೈಲ್ ಹಳೇದ್ರಲ್ಲಿ ಓಪನ್ ಆಗಲ್ಲ, ಒಬ್ಬ ಕನ್ಸಲ್ಟೆಂಟ್ ಯಾರಿಗೂ ಹೇಳದೆ ಅಪ್‌ಗ್ರೇಡ್ ಮಾಡಿ ನಮಗೆ ಒಂದು ವಾರ ಹೋಯ್ತು. ಲೈಸೆನ್ಸ್, ಒಳ್ಳೆ ಕಂಪ್ಯೂಟರ್ ಖರ್ಚು ಇದ್ದೇ ಇದೆ.

ನನಗೆ ನಿಜವಾಗ್ಲೂ ಬೇಜಾರಾಗಿದ್ದು ಹ್ಯಾಂಡೋವರ್‌ನಲ್ಲಿ. ಸೈನ್ಸ್ ಬ್ಲಾಕ್ ಮಾಡೆಲ್ ತೋರಿಸಿದಾಗ ನಮ್ಮ ಮೇಂಟೆನೆನ್ಸ್‌ನ ಹಿರಿಯ ಪ್ಲಂಬರ್ ಪೂರ್ತಿ ನೋಡಿ ಕೇಳಿದ್ದು ಒಂದೇ, "ಸಾರ್, ಈ ವಾಲ್ವ್ ಬಂದ್ ಮಾಡಿದ್ರೆ ಯಾವ್ಯಾವ ಲ್ಯಾಬ್‌ಗೆ ನೀರು ನಿಲ್ಲುತ್ತೆ, ಹೇಳುತ್ತಾ ಇದು?" ಹೇಳ್ತಿರ್ಲಿಲ್ಲ. ಬೋಲ್ಟ್ ತನಕ ಮಾಡೆಲ್ ಆಗಿತ್ತು, ಆದ್ರೆ ವಾಲ್ವ್ ನಂಬರ್ ಖಾಲಿ, ಎಎಚ್‌ಯು (ಎಸಿ ಗಾಳಿ ಕಳಿಸೋ ಯಂತ್ರ) ಫಿಲ್ಟರ್ ಸೈಜ್ ಖಾಲಿ. ಯಾಕಂದ್ರೆ ಅದು ಬೇಕು ಅಂತ ನಾವು ಕೇಳೇ ಇರ್ಲಿಲ್ಲ. 2018ರಲ್ಲಿ ಬಂದ ಐಎಸ್‌ಒ 19650 ಅನ್ನೋ ಬಿಮ್ ಸ್ಟ್ಯಾಂಡರ್ಡ್ ಇದನ್ನೇ ಹೇಳೋದು, ಯಾವ ಮಾಹಿತಿ ಬೇಕು ಅಂತ ಕಟ್ಟಿಸೋರು ಮೊದಲೇ ಬರೆದು ಕೊಡ್ಬೇಕು ಅಂತ, ನಾವು ಅದನ್ನ ಟೆಂಡರ್‌ನಲ್ಲಿ ಒಂದು ಸಾಲಾಗಿ ಹಾಕಿ ಬಿಟ್ಟಿದ್ವಿ. ಕಾಲೇಜು ಕಟ್ಟಡ ಅಂದ್ರೆ 50 ವರ್ಷ ನಡೆಸ್ಬೇಕಾದ್ದು, ಕಟ್ಟೋದು ಎರಡೋ ಮೂರೋ ವರ್ಷ.

ಲೈಬ್ರರಿಗೆ ಹಾಗೆ ಮಾಡ್ಲಿಲ್ಲ. ಡಿಸೈನ್ ಶುರು ಆಗೋ ಮುಂಚೆನೇ ಪ್ಲಂಬರ್, ಎಲೆಕ್ಟ್ರಿಷಿಯನ್ ಎಲ್ಲರನ್ನೂ ಕೂರಿಸ್ಕೊಂಡು ಅವರಿಗೆ ಬೇಕಾದ್ದು ಬರ್ಕೊಂಡ್ವಿ, ಅದನ್ನೇ ಕೋಬಿ ಶೀಟ್‌ನಲ್ಲಿ (ಕಟ್ಟಡ ನೋಡ್ಕೊಳ್ಳೋಕೆ ಬೇಕಾದ ಮಾಹಿತಿ ತುಂಬೋ ಸ್ಟ್ಯಾಂಡರ್ಡ್ ಪಟ್ಟಿ) ಕೊಡಿ ಅಂದ್ವಿ, ಜೊತೆಗೆ ಐಎಫ್‌ಸಿ ಅನ್ನೋ ಓಪನ್ ಫಾರ್ಮ್ಯಾಟ್ ಫೈಲೂ ಕೊಡ್ಬೇಕು, ನಾಳೆ ಸಾಫ್ಟ್‌ವೇರ್ ಬದಲಾದ್ರೂ ಓದೋಕಾಗ್ಬೇಕಲ್ಲ. ಮೊನ್ನೆ ಅದೇ ಪ್ಲಂಬರ್ ಟ್ಯಾಬ್‌ನಲ್ಲಿ ಒಂದು ವಾಲ್ವ್ ಒತ್ತಿ ನೋಡಿದ್ರು, ನಂಬರ್ ಬಂತು, ಅದು ಯಾವ್ಯಾವ ರೂಮಿಗೆ ಅಂತ ಲಿಸ್ಟೂ ಬಂತು. ಒಂದು ನಿಮಿಷ ಸುಮ್ನಿದ್ದು, "ಸೀಲಿಂಗ್‌ನಲ್ಲಿ ಇದಕ್ಕೆ ಕೈ ಹಾಕೋಕೆ ಬಾಗಿಲು ಎಲ್ಲಿ ಇಡ್ತಾರೆ, ಅದನ್ನೂ ಇದರಲ್ಲೇ ಹಾಕಿಸಿ" ಅಂದ್ರು. ಈ ವಾರದ ಮೀಟಿಂಗ್‌ನಲ್ಲಿ ಅದೇ ಮೊದಲ ಐಟಂ.