ಅಂಬಾಸಿಡರ್ ಬಾಗಿಲೊಳಗೆ ಪೇಪರ್ ಸಿಕ್ಕಿತು: ಹಳೇ ಗಾಡಿ ರೆಡಿ ಮಾಡಿಸೋರು ಹುಷಾರು

ದಾವಣಗೆರೆ ಕಡೆ ಹಳೇ ಕಾರಿಗೆ ಟಿಂಕರಿಂಗ್, ಪೇಂಟಿಂಗ್ ಮಾಡಿಸೋರು ನನ್ನ ಪಾಡು ಕೇಳಿ, ಆಮೇಲೆ ಅಡ್ವಾನ್ಸ್ ಕೊಡಿ.

ಅಪ್ಪನ 1974ರ ಮಾರ್ಕ್ 2 ಅಂಬಾಸಿಡರ್. ದಾವಣಗೆರೆ ಜಿಲ್ಲೆ ಆಗಿದ್ದೇ 1997ರಲ್ಲಿ. ಗಾಡಿ ಜಿಲ್ಲೆಗಿಂತ 23 ವರ್ಷ ದೊಡ್ಡದು! ಎಂಜಿನ್ ಗಟ್ಟಿಮುಟ್ಟು, ಆದ್ರೆ ನಾಲ್ಕೂ ಬಾಗಿಲ ಬುಡ ತುಕ್ಕು ತಿಂದು ಜರಡಿ ಆಗಿತ್ತು. ಪಿ.ಬಿ. ರೋಡ್ ಕಡೆಯ ಒಂದು ಶೆಡ್ಡಿಗೆ ಕೊಟ್ಟೆ, ಹೆಸರು ಬೇಡ. ಮೇಸ್ತ್ರಿ ಬೆರಳಲ್ಲಿ ಒತ್ತಿ ನೋಡಿ, "ಕೊಳೆತಿದ್ದೆಲ್ಲ ಕಟ್ ಮಾಡಿ ಹೊಸ ಶೀಟ್ ಹಾಕ್ತೀನಿ, ನೀವು ಆರಾಮಿರ್ರಿ ಸಾರ್" ಅಂದ. 60,000 ರೂಪಾಯಿ ಎಣಿಸಿ ಕೊಟ್ಟೆ. ಹೋದಾಗಲೆಲ್ಲ ಟೀ ತರಿಸೋನು, ಗಾಡಿ ಮೇಲೆ ಟಾರ್ಪಾಲ್ ಇರೋದು. ಟಾರ್ಪಾಲ್ ಎತ್ತಿ ನೋಡದೆ ಟೀ ಕುಡಿದು ಬಂದೆನಲ್ಲ, ನಾನು ಕೆಟ್ಟಿದ್ದೇ ಅಲ್ಲಿ.

ನಾಲ್ಕು ತಿಂಗಳಿಗೆ ಗಾಡಿ ಫಳಫಳ ಅಂತ ಮನೆಗೆ ಬಂತು. ಅಪ್ಪ ಅದರಲ್ಲೇ ಬೆಣ್ಣೆದೋಸೆಗೆ ಹೋಗಿಬಂದ್ರು. ಒಂದು ಮಳೆಗಾಲ, ಅಷ್ಟೇ. ಬಾಗಿಲ ಅಂಚಲ್ಲಿ ಪೇಂಟ್ ಹಪ್ಪಳದ ಹಾಗೆ ಉಬ್ಬಿತು. ಕೆರೆದರೆ ಹೆಬ್ಬೆರಳು ದಪ್ಪ ಪುಟ್ಟಿ, ಅದರ ಹಿಂದೆ ತಂತಿ ಜಾಲರಿ, ಅದರ ಹಿಂದೆ ಮುದುರಿ ತುರುಕಿದ ಪೇಪರ್. ತಾರೀಕು ನೋಡಿದೆ, ಗಾಡಿ ಶೆಡ್ಡಿನಲ್ಲಿದ್ದ ತಿಂಗಳದ್ದೇ. ಹೊಸ ಶೀಟ್ ಒಂದಂಗುಲವೂ ಇಲ್ಲ.

ಗಾಜಿನ ಪಕ್ಕ ಇಳಿಯೋ ಮಳೆ ನೀರು ಬಾಗಿಲೊಳಗೇ ಬೀಳುತ್ತೆ, ಅದು ಹೊರಗೆ ಹೋಗಲಿ ಅಂತಲೇ ಬುಡದಲ್ಲಿ ಸಣ್ಣ ತೂತು ಇರ್ತವೆ. ಪುಣ್ಯಾತ್ಮ ಅವನ್ನೂ ಮುಚ್ಚಿದ್ದ. ಪುಟ್ಟಿ ಮೊದಲೇ ನೀರು ಹೀರೋ ಸಾಮಾನು. ತಗಡಿನ ಸಣ್ಣಪುಟ್ಟ ಏರುತಗ್ಗು ಸಮ ಮಾಡೋಕೆ ಸರಿ, ತೂತು ಮುಚ್ಚೋಕಲ್ಲ.

ಬಾಗಿಲು ಹೋಗ್ಲಿ, ಬೇರೆ ಸಿಗಬಹುದು. ಹೊಟ್ಟೆ ಉರಿಯೋದು ಗಾಡಿಯ ಬಾಡಿ ನೋಡಿದ್ರೆ. ನಾಲ್ಕೂ ಬಾಗಿಲು ಒಟ್ಟಿಗೆ ಬಿಚ್ಚಿ, ಒಳಗೆ ಅಡ್ಡ ರಾಡ್ ಆಸರೆ ಕೊಡದೆ, ಬಾಗಿಲ ಕೆಳಗಿನ ಉದ್ದ ಪಟ್ಟಿ ಕತ್ತರಿಸಿದ್ದಾನೆ. ಅಂಬಾಸಿಡರ್‌ಗೆ ಲಾರಿ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರೋದು. ನಡು ಕುಸಿದುಬಿಟ್ಟಿದೆ. ಹಿಂದಿನ ಬಾಗಿಲು ಎತ್ತಿ ಹಿಡಿದು ತಳ್ಳಿದ್ರೆ ಮಾತ್ರ ಲಾಕ್ ಬೀಳುತ್ತೆ.

ಕೇಳೋಕೆ ಹೋದ್ರೆ, "ಹಳೇ ಗಾಡಿ ಸಾರ್, ಇಷ್ಟೇ ಆಗೋದು. ಬಿಲ್ ಐತಾ?" ಬಿಲ್ ಎಲ್ಲಿಂದ ತರಲಿ?

ಪುಟ್ಟಿ ಹಚ್ಚೋ ಮುಂಚೆ ಬರೀ ತಗಡನ್ನ ಕಣ್ಣಾರೆ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಆ ಫೋಟೋ ಬರೋವರೆಗೆ ಎರಡನೇ ಕಂತು ಬಿಚ್ಚಬೇಡಿ. ರೆಡಿ ಆಗಿರೋ ಗಾಡಿ ಕೊಳ್ಳೋರು ಜೇಬಲ್ಲಿ ಒಂದು ಫ್ರಿಜ್ ಮ್ಯಾಗ್ನೆಟ್ ಇಟ್ಟುಕೊಂಡು ಹೋಗಿ, ಬಟ್ಟೆ ಸುತ್ತಿ ಬಾಗಿಲ ಬುಡಕ್ಕೆ ಹಿಡೀರಿ. ಮೇಲೆ ಅಂಟಿ ಕೆಳಗೆ ಜಾರಿದ್ರೆ ಅಲ್ಲಿರೋದು ಪುಟ್ಟಿ.

ಗಾಡಿ ಈಗ ಹರಿಹರದ ಒಬ್ಬ ವಯಸ್ಸಾದ ಟಿಂಕರ್ ಹತ್ರ ಇದೆ. ಒಂದು ಬಾಗಿಲ ಶೀಟ್ ಅಂಚು ಮಡಚೋಕೇ ಹತ್ತು ದಿನ ತಗೊಂಡ್ರು. ಪುಟ್ಟಿ ಡಬ್ಬ ಇನ್ನೂ ತೆರೆದಿಲ್ಲ.