ಕೊಪ್ಪಳದಿಂದ ಬಳ್ಳಾರಿಗೆ ಹೋಗಿ ಗಳಿಸಿದ ಎರಡು ಕ್ರೆಡಿಟ್: ಅಂತರ ಕ್ಯಾಂಪಸ್ ಕೋರ್ಸ್ ವ್ಯವಸ್ಥೆಯನ್ನು ಎರಡು ಸೆಮಿಸ್ಟರ್ ಬಳಸಿದ ಮೇಲೆ

ನಮ್ಮ ವಿಶ್ವವಿದ್ಯಾಲಯದಲ್ಲಿ ಒಂದು ಕ್ಯಾಂಪಸ್ಸಿನ ವಿದ್ಯಾರ್ಥಿ ಇನ್ನೊಂದು ಕ್ಯಾಂಪಸ್ಸಿನ ಐಚ್ಛಿಕ ಪತ್ರಿಕೆಯನ್ನು ಆಯ್ದುಕೊಂಡು ಓದಲು ಅವಕಾಶವಿದೆ. ಕನ್ನಡ ಎಂ.ಎ.ಯ ಎರಡನೆಯ ಮತ್ತು ಮೂರನೆಯ ಸೆಮಿಸ್ಟರುಗಳಲ್ಲಿ ನಾನು ಈ ವ್ಯವಸ್ಥೆಯನ್ನು ಬಳಸಿದ್ದೇನೆ. ಅರ್ಜಿ ಹಾಕುವ ಕ್ರಮ, ಪತ್ರಿಕೆಗಳ ಪಟ್ಟಿ, ಸೀಟುಗಳ ಲೆಕ್ಕ ಎಲ್ಲವೂ ಸುತ್ತೋಲೆಯಲ್ಲಿರುವುದರಿಂದ ಅವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಸುತ್ತೋಲೆಯಲ್ಲಿ ಇಲ್ಲದ ಸಂಗತಿಯೆಂದರೆ, ಬಳ್ಳಾರಿಯ ಕ್ಯಾಂಪಸ್ಸಿನಲ್ಲಿ ನಾನು ಬರೆದು ಉತ್ತೀರ್ಣಳಾದ ಎರಡು ಕ್ರೆಡಿಟ್‌ಗಳ ಒಂದು ಪತ್ರಿಕೆಯ ಅಂಕಗಳು ಕೊಪ್ಪಳದ ನನ್ನ ಅಂಕಪಟ್ಟಿಗೆ ಸೇರಲು ಏಳು ತಿಂಗಳು ಹಿಡಿದವು. ಈ ವಿಮರ್ಶೆ ಬರೆಯಲು ಕೂತದ್ದೇ ಆ ಏಳು ತಿಂಗಳ ಕಾರಣಕ್ಕೆ.

ಆದರೂ ಮೊದಲು ಬುಧವಾರಗಳ ಬಗ್ಗೆ ಹೇಳಬೇಕು, ಏಕೆಂದರೆ ಅವು ನನ್ನ ಓದಿನ ಅತ್ಯಂತ ಸಂತೋಷದ ದಿನಗಳು.

ನಾನು ಆರಿಸಿಕೊಂಡ ಪತ್ರಿಕೆ ಶಾಸನಲಿಪಿ ಪರಿಚಯ. ವಾರಕ್ಕೆ ಎರಡು ತಾಸು, ಹದಿನೈದು ವಾರ. ಬೆಳಗ್ಗೆ ಆರೂಕಾಲರ ಬಸ್ಸಿಗೆ ನಾನು ಮನೆ ಬಿಡುವ ಹೊತ್ತಿಗೆ ಅವ್ವ ಬುತ್ತಿ ಕಟ್ಟಿಟ್ಟಿರುತ್ತಿದ್ದಳು: ನಾಲ್ಕು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಪುಂಡಿಪಲ್ಯ ಇದ್ದ ದಿನ ಅದೂ ಒಂದಿಷ್ಟು. ಎಡಗಡೆಯ ಕಿಟಕಿಯ ಸೀಟು ಸಿಕ್ಕರೆ ಗಿಣಗೇರಿ ದಾಟುವವರೆಗೆ ಹಿಂದಿನ ವಾರದ ಅಕ್ಷರಗಳನ್ನು ತಿದ್ದುವುದು, ಹೊಸಪೇಟೆಯ ನಿಲ್ದಾಣದಲ್ಲಿ ಒಂದು ಚಹಾ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಚಿಮಣಿಗಳು ಕಂಡ ಮೇಲೆ ಟಿಪ್ಪಣಿ ಪುಸ್ತಕ ಮುಚ್ಚಿ ಕಣ್ಣು ಮುಚ್ಚುವುದು, ಕುಡತಿನಿಯ ವಿದ್ಯುತ್ ಸ್ಥಾವರ ಬಂದಾಗ ತಲೆ ಬಾಚಿಕೊಳ್ಳುವುದು. ಇದು ಹದಿನೈದು ವಾರವೂ ಬದಲಾಗದ ಕ್ರಮವಾಗಿತ್ತು. ಹೋಗಿ ಬರಲು 180 ಕಿ.ಮೀ.ಗೆ ಕಡಿಮೆಯಿಲ್ಲದ ದಾರಿ. ಸೆಮಿಸ್ಟರ್ ಮುಗಿಯುವಷ್ಟರಲ್ಲಿ 2,700 ಕಿ.ಮೀ. ಆಗಿರುತ್ತದೆ.

ಈ ದಾರಿಗೆ ನಾನು ಕೊಟ್ಟ ಹಣ ಸೊನ್ನೆ. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬರದೆ ಇದ್ದಿದ್ದರೆ ಈ ಪತ್ರಿಕೆಯನ್ನು ತೆಗೆದುಕೊಳ್ಳುವ ಯೋಚನೆಯೇ ನನಗೆ ಬರುತ್ತಿರಲಿಲ್ಲ. ಅಪ್ಪ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವರು. ವಾರಕ್ಕೊಮ್ಮೆ ಬಳ್ಳಾರಿಗೆ ಹೋಗಿ ಬರುವ ಖರ್ಚನ್ನು ಎರಡು ಕ್ರೆಡಿಟ್‌ಗಾಗಿ ಕೇಳುವ ಧೈರ್ಯ ನನಗಿರಲಿಲ್ಲ. ನನ್ನ ಜೊತೆಗೇ ಅರ್ಜಿ ಹಾಕಿದ್ದ ಸಹಪಾಠಿಯೊಬ್ಬ ಮೂರನೆಯ ವಾರಕ್ಕೆ ಬಿಟ್ಟುಬಿಟ್ಟ. ಅವನಿಗೆ ನನಗಿಂತ ಚೆನ್ನಾಗಿ ಹಳಗನ್ನಡ ಬರುತ್ತಿತ್ತು, ಲಿಪಿಯೂ ಬೇಗ ಹತ್ತಿತ್ತು. ಟಿಕೆಟ್ಟಿನ ಹಣ ಮಾತ್ರ ಇರಲಿಲ್ಲ. ಈ ವ್ಯವಸ್ಥೆಯನ್ನು ನಾನು ಹೊಗಳುವಾಗ ಅವನ ನೆನಪೂ ಜೊತೆಗೇ ಬರುತ್ತದೆ. ಬೇರೆ ಕ್ಯಾಂಪಸ್ಸಿಗೆ ಹೋಗುವ ಹುಡುಗರಿಗೆ ಪ್ರಯಾಣ ಭತ್ಯೆಯನ್ನೋ ವಿಶೇಷ ಪಾಸನ್ನೋ ಕೊಡದಿದ್ದರೆ ಇದು ಅರ್ಧದಷ್ಟು ವಿದ್ಯಾರ್ಥಿಗಳಿಗೆ ಕಾಗದದ ಮೇಲಿನ ಅವಕಾಶವಾಗಿಯೇ ಉಳಿಯುತ್ತದೆ.

ತರಗತಿಯಲ್ಲಿ ನಾವು ಒಂಬತ್ತು ಮಂದಿ. ಮೇಡಂ ಮೊದಲ ದಿನ ಪಾಠ ಮಾಡಲಿಲ್ಲ. ಶಾಸನದ ಪಡಿಯಚ್ಚೊಂದನ್ನು ಮೇಜಿನ ಮೇಲೆ ಬಿಡಿಸಿಟ್ಟು, ಅದನ್ನು ತೆಗೆಯುವ ಬಗೆಯನ್ನು ಹೇಳಿದರು: ಕಲ್ಲನ್ನು ಉಜ್ಜಿ ತೊಳೆಯಬೇಕು, ಒದ್ದೆ ಕಾಗದವನ್ನು ಹಾಸಬೇಕು, ಬ್ರಷ್ಷಿನಿಂದ ಬಡಿದು ಬಡಿದು ಕಾಗದ ಅಕ್ಷರದ ಗುಳಿಯೊಳಗೆ ಇಳಿಯುವಂತೆ ಮಾಡಬೇಕು, ಅನಂತರ ಮಸಿಯ ಉಂಡೆಯಿಂದ ಮೆಲ್ಲಗೆ ಒತ್ತುತ್ತಾ ಹೋಗಬೇಕು. ಗುಳಿಯೊಳಗೆ ಮಸಿ ತಾಗದೆ ಅಕ್ಷರ ಬೆಳ್ಳಗೆ ಉಳಿದುಕೊಳ್ಳುತ್ತದೆ, ಸುತ್ತಲೆಲ್ಲ ಕಪ್ಪಾಗುತ್ತದೆ. ಎರಡನೆಯ ವಾರದಿಂದ ಅಶೋಕನ ಕಾಲದ ಬ್ರಾಹ್ಮಿ ಲಿಪಿಯ ಅಕ್ಷರಗಳು. ಕೂಡಿಸುವ ಚಿಹ್ನೆಯಂತಿರುವುದು ‘ಕ’, ಬರಿಯ ವೃತ್ತವಾದರೆ ‘ಠ’, ಅದರ ನಡುವೆ ಒಂದು ಚುಕ್ಕೆ ಇಟ್ಟರೆ ‘ಥ’. ಎಲ್ಲರಿಗಿಂತ ಹೆಚ್ಚು ತಪ್ಪು ನನ್ನದೇ. ಆದರೂ ಮೇಡಂ ಪ್ರತಿ ವಾರ ಕೊನೆಯ ಹತ್ತು ನಿಮಿಷ ನನಗೆಂದೇ ಇಟ್ಟುಕೊಳ್ಳುತ್ತಿದ್ದರು, ಏಕೆಂದರೆ ನನಗೆ ಮರುದಿನ ಬಂದು ಸಂದೇಹ ಕೇಳಲು ಆಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಐದನೆಯ ವಾರ ಅವರು ಪಾಠಕ್ಕೆ ತಂದ ಪ್ರತಿ ಕೊಪ್ಪಳದ ಗವಿಮಠದ ಅಶೋಕ ಶಾಸನದ್ದು. ನಾನು ಚಿಕ್ಕವಳಿದ್ದಾಗಿನಿಂದ ಹತ್ತಿ ಇಳಿದ ಗುಡ್ಡದ ಬಂಡೆ ಅದು. ಅಲ್ಲಿ ಅಶೋಕನ ಶಾಸನವಿದೆಯೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಅದರಲ್ಲಿ ಏನು ಬರೆದಿದೆಯೆಂದು ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಆದರೆ ಮೊದಲು ಅಷ್ಟಾಗಿ ಶ್ರಮಿಸಲಿಲ್ಲ, ಸಂಘದ ಬಳಿ ಬಂದು ಒಂದು ವರ್ಷ ದಾಟಿದ ಮೇಲೆ ಚೆನ್ನಾಗಿ ಶ್ರಮಿಸಿದೆ ಎಂದು ಚಕ್ರವರ್ತಿಯೊಬ್ಬ ಅಲ್ಲಿ ಹೇಳಿಕೊಂಡಿದ್ದಾನೆ. ಮಸ್ಕಿಯ ಬಂಡೆಯಲ್ಲಿ, ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೇಗೋಳದಲ್ಲಿ ಅಶೋಕ ಎಂಬ ಹೆಸರೇ ಕಾಣುತ್ತದೆಂಬುದನ್ನೂ ಅಂದೇ ತಿಳಿದೆ. ಮುಂದಿನ ಭಾನುವಾರ ತಮ್ಮನನ್ನು ಕರೆದುಕೊಂಡು ಗುಡ್ಡ ಹತ್ತಿದೆ. ಮೊದಲ ಸಾಲಿನ ‘ದೇವಾನಂಪಿಯ’ ಎಂಬಷ್ಟನ್ನು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಲು ನನಗೆ ಕಾಲು ಗಂಟೆ ಹಿಡಿಯಿತು. ಓದಿ ಮುಗಿಸಿದಾಗ ತಮ್ಮ, “ಅಕ್ಕಾ, ಇನ್ನೊಮ್ಮೆ ಓದು” ಎಂದ. ನನ್ನ ಊರಿನ ಕಲ್ಲನ್ನು ಓದಲು ನಾನು ಬಳ್ಳಾರಿಗೆ ಹೋಗಿ ಕಲಿಯಬೇಕಾಯಿತು, ಏಕೆಂದರೆ ನಮ್ಮ ಕೇಂದ್ರದಲ್ಲಿ ಲಿಪಿಶಾಸ್ತ್ರ ಕಲಿಸುವವರು ಒಬ್ಬರೂ ಇಲ್ಲ.

ಈ ವ್ಯವಸ್ಥೆ ನಮ್ಮ ಭಾಗಕ್ಕೆ ಏಕೆ ಬೇಕು ಎಂಬುದಕ್ಕೆ ಇದೇ ಕಾರಣ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಆರಂಭವಾದಾಗ ರಾಯಚೂರು, ಬಳ್ಳಾರಿ ಎಲ್ಲವೂ ಅದರ ವ್ಯಾಪ್ತಿಯಲ್ಲಿದ್ದವು. 2010ರಲ್ಲಿ ಬಳ್ಳಾರಿಗೆ, ಆಮೇಲೆ ರಾಯಚೂರಿಗೆ ಬೇರೆ ಬೇರೆ ವಿಶ್ವವಿದ್ಯಾಲಯಗಳು ಬಂದವು. ಹತ್ತಿರದಲ್ಲೇ ಓದಲು ಸಾಧ್ಯವಾಯಿತೆಂಬುದು ನನ್ನಂಥ ಹೆಣ್ಣುಮಕ್ಕಳಿಗೆ ದೊಡ್ಡ ಸಂಗತಿ. ಆದರೆ ಕೇಂದ್ರಗಳು ಚಿಕ್ಕದಾದಷ್ಟೂ ಐಚ್ಛಿಕ ಪತ್ರಿಕೆಗಳು ಕಡಿಮೆಯಾಗುತ್ತವೆ. ಇಬ್ಬರು ಕಾಯಂ ಅಧ್ಯಾಪಕರು, ಮಿಕ್ಕವರು ಅತಿಥಿ ಉಪನ್ಯಾಸಕರು ಇರುವಲ್ಲಿ ಶಾಸನ, ಹಸ್ತಪ್ರತಿ, ಭಾಷಾವಿಜ್ಞಾನ ಎಲ್ಲವನ್ನೂ ಕಲಿಸಿರೆಂದರೆ ಅವರಾದರೂ ಏನು ಮಾಡಿಯಾರು? ಕಲಿಸುವವರು ಎಲ್ಲಿದ್ದಾರೋ ಅಲ್ಲಿಗೆ ವಿದ್ಯಾರ್ಥಿ ಹೋಗುವಂತಾಗುವುದೇ ಸರಿಯಾದ ದಾರಿಯೆಂದು ನಾನು ಈಗಲೂ ನಂಬಿದ್ದೇನೆ.

ಇನ್ನು ಏಳು ತಿಂಗಳ ವಿಷಯ. ಪರೀಕ್ಷೆ ಮುಗಿದದ್ದು ಅಕ್ಟೋಬರಿನಲ್ಲಿ. ಫಲಿತಾಂಶ ಬಂದಾಗ ನನ್ನ ಉಳಿದ ಪತ್ರಿಕೆಗಳ ಎದುರು ಅಂಕಗಳಿದ್ದವು, ಶಾಸನಲಿಪಿಯ ಎದುರು ಮಾತ್ರ ಖಾಲಿ. ಅದರಿಂದಾಗಿ ಇಡೀ ಸೆಮಿಸ್ಟರಿನ ಫಲಿತಾಂಶವನ್ನೇ ತಡೆಹಿಡಿಯಲಾಗಿತ್ತು. ನಮ್ಮ ಕೇಂದ್ರದ ಕಚೇರಿಯಲ್ಲಿ ವಿಚಾರಿಸಿದರೆ, “ಅಲ್ಲಿಂದ ಇನ್ನಾ ಬಂದಿಲ್ಲವ್ವಾ, ಅಲ್ಲೇ ಕೇಳು” ಎಂದರು. ಅಲ್ಲಿಗೆ ಹೋಗಿ ಕೇಳಿದರೆ, “ನಾವು ಯಾವಾಗೋ ಕಳಿಸೀವಮ್ಮಾ” ಎಂದರು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ನಾಲ್ಕನೆಯ ಸಲ ಹೋದಾಗ ವಿಷಯ ನಿರ್ವಾಹಕರೊಬ್ಬರು ತಾಳ್ಮೆಯಿಂದ ಗಣಕಯಂತ್ರವನ್ನು ನನ್ನ ಕಡೆಗೆ ತಿರುಗಿಸಿ ತೋರಿಸಿದರು: ನನ್ನ ನೋಂದಣಿ ಸಂಖ್ಯೆಯ ಆರಂಭದಲ್ಲಿ ನಮ್ಮ ಕೇಂದ್ರದ ಸಂಕೇತವಿರುವುದರಿಂದ ಅವರ ಅಂಕ ನಮೂದಿಸುವ ಪುಟ ಆ ಸಂಖ್ಯೆಯನ್ನು ಸ್ವೀಕರಿಸುತ್ತಲೇ ಇರಲಿಲ್ಲ. ಹಾಗಾಗಿ ನಮ್ಮಂಥ ಅತಿಥಿ ವಿದ್ಯಾರ್ಥಿಗಳ ಅಂಕಗಳನ್ನು ಕೈಬರಹದ ಪಟ್ಟಿಯಲ್ಲಿ, ಮುಚ್ಚಿದ ಲಕೋಟೆಯಲ್ಲಿ ಕಳಿಸಿದ್ದರು. ಲಕೋಟೆ ಪರೀಕ್ಷಾಂಗ ವಿಭಾಗದಲ್ಲಿ ಯಾರ ಮೇಜಿಗೆ ಹೋಗಬೇಕೆಂಬ ಆದೇಶ ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಪ್ರವೇಶಕ್ಕೆ ಒಂದು ವ್ಯವಸ್ಥೆ ಮಾಡಿದವರು ಅಂಕ ಹಿಂದಿರುಗುವುದಕ್ಕೆ ವ್ಯವಸ್ಥೆ ಮಾಡಿರಲಿಲ್ಲ.

ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳನ್ನು ಆನ್‌ಲೈನಿನಲ್ಲಿ ದಾಖಲಿಸಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಇದೆಯಲ್ಲ, ಅಲ್ಲಿ ಸರಿಯಾಗಬಹುದೆಂದು ನಾನು ತಿಳಿದಿದ್ದೆ. ಯುಜಿಸಿ 2021ರ ಜುಲೈನಲ್ಲಿ ಅದರ ನಿಯಮಗಳನ್ನು ಹೊರಡಿಸಿತು. ಗಳಿಸಿದ ಕ್ರೆಡಿಟ್ ಗರಿಷ್ಠ ಏಳು ವರ್ಷ ಊರ್ಜಿತವಾಗಿರುತ್ತದೆ, ಪದವಿ ಕೊಡುವ ಸಂಸ್ಥೆಯಲ್ಲಿ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿದರೆ ಮಿಕ್ಕದ್ದನ್ನು ಬೇರೆಡೆಯಿಂದ ತರಬಹುದು. ಬ್ಯಾಂಕ್ ಎಂಬ ಹೆಸರಿದ್ದರೂ ನಮ್ಮ ಖಾತೆಗೆ ನಾವೇ ಜಮಾ ಮಾಡುವಂತಿಲ್ಲ. ಸಂಸ್ಥೆಯೇ ಅಪ್‌ಲೋಡ್ ಮಾಡಬೇಕು, ಅದು ಸರಿಯೂ ಹೌದು. ಆದರೆ ಸಂಸ್ಥೆಯ ಒಳಗೇ ಅಂಕ ಸಿಕ್ಕಿಕೊಂಡರೆ ವಿದ್ಯಾರ್ಥಿ ಮಾಡಬಹುದಾದ್ದು ಏನೂ ಇಲ್ಲ. ಡಿಜಿಲಾಕರ್ ತೆರೆದು ಖಾಲಿ ಪುಟವನ್ನು ನೋಡಿ ಮುಚ್ಚುವುದು ನನಗೆ ಆ ಚಳಿಗಾಲದಲ್ಲಿ ರಾತ್ರಿ ಮಲಗುವ ಮುನ್ನದ ಅಭ್ಯಾಸವಾಗಿಬಿಟ್ಟಿತ್ತು.

ವಿದ್ಯಾರ್ಥಿವೇತನದ ನವೀಕರಣಕ್ಕೆ ಹಿಂದಿನ ಸೆಮಿಸ್ಟರಿನ ಅಂಕಪಟ್ಟಿ ಬೇಕಿತ್ತು. ವಿಭಾಗದ ಮುಖ್ಯಸ್ಥರು ಪತ್ರ ಕೊಟ್ಟರು. ಪತ್ರ ಸಾಲದು, ಅಂಕಪಟ್ಟಿಯೇ ಬೇಕೆಂದರು. ಕೊನೆಯ ದಿನಾಂಕ ದಾಟಿತು. ಅವ್ವ ಸಂಘದಲ್ಲಿ ಸಾಲ ತೆಗೆದು ನನ್ನ ಮೂರನೆಯ ಸೆಮಿಸ್ಟರಿನ ಶುಲ್ಕ ಕಟ್ಟಿದಳು, ಇನ್ನೂ ಕಂತು ಕಟ್ಟುತ್ತಿದ್ದಾಳೆ. ಮೇ ತಿಂಗಳಲ್ಲಿ ಅಂಕ ಸೇರಿ ಫಲಿತಾಂಶ ಸರಿಯಾಯಿತು, ಶ್ರೇಣಿಯೂ ಚೆನ್ನಾಗಿತ್ತು. ಆ ವರ್ಷದ ವಿದ್ಯಾರ್ಥಿವೇತನ ಮಾತ್ರ ಬರಲಿಲ್ಲ. ಬಸ್ಸಿನ ಸೊನ್ನೆ ಮೊತ್ತದ ಟಿಕೆಟ್ಟುಗಳನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ವಾರಕ್ಕೊಂದರಂತೆ ಪುಟಗುರುತಾಗಿ ಇಟ್ಟುಕೊಂಡಿದ್ದೆ. ಅಂಕಪಟ್ಟಿ ಕೈಗೆ ಬಂದ ದಿನ ತೆಗೆದು ನೋಡಿದರೆ ಅವುಗಳ ಮೇಲಿನ ದಿನಾಂಕ, ಊರುಗಳ ಹೆಸರು ಎಲ್ಲ ಮಾಸಿ ಬಿಳಿಯ ಚೀಟಿಗಳಾಗಿದ್ದವು.

ಮೂರನೆಯ ಸೆಮಿಸ್ಟರಿನಲ್ಲಿ ಇನ್ನೊಂದು ಕ್ಯಾಂಪಸ್ಸಿನ ಹಸ್ತಪ್ರತಿಶಾಸ್ತ್ರವನ್ನು ಆನ್‌ಲೈನಿನಲ್ಲಿ ಓದಿದೆ. ಪ್ರಯಾಣವಿಲ್ಲ, ಬುತ್ತಿಯಿಲ್ಲ, ಪಾಠ ಚೆನ್ನಾಗಿತ್ತು. ಹೇಳುವಂಥದ್ದು ಒಂದೇ ಇದೆ. ಕಿರುಪರೀಕ್ಷೆಯನ್ನು ಅವರು ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆಯ ತೇರಿನ ಸಂಜೆಗೆ ಇಟ್ಟರು. ಅವರ ಊರಿನಲ್ಲಿ ಅದು ಸಾಮಾನ್ಯ ದಿನ. ಕೊಪ್ಪಳದಲ್ಲಿ ಅಂದು ಲಕ್ಷಾಂತರ ಜನ ಸೇರಿರುತ್ತಾರೆ, ಮೊಬೈಲಿನಲ್ಲಿ ಒಂದು ಸಂದೇಶ ಹೋಗುವುದೂ ಕಷ್ಟ. ತೇರು ಬಿಟ್ಟು ನಾನು ಮುನಿರಾಬಾದಿನ ಸೋದರಮಾವನ ಮನೆಗೆ ಹೋಗಿ ಪರೀಕ್ಷೆ ಬರೆದೆ. ಕ್ಯಾಂಪಸ್ಸುಗಳು ಬೇರೆ ಬೇರೆ ಊರಿನಲ್ಲಿವೆ ಎಂಬುದನ್ನು ವೇಳಾಪಟ್ಟಿ ಮಾಡುವವರು ಒಮ್ಮೆ ನೆನೆದಿದ್ದರೆ ಸಾಕಿತ್ತು. ಇದು ನಮ್ಮಲ್ಲಿ ಮಾತ್ರ ಇರುವ ತೊಡಕೂ ಅಲ್ಲ. ಹತ್ತು ಕ್ಯಾಂಪಸ್ಸುಗಳಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿಯೂ ಒಂದು ಕ್ಯಾಂಪಸ್ಸಿನವರು ಇನ್ನೊಂದರ ಆನ್‌ಲೈನ್ ಪತ್ರಿಕೆ ತೆಗೆದುಕೊಳ್ಳುವ ಏರ್ಪಾಡಿದೆ. ಅಲ್ಲಿ ಬರ್ಕಲಿ ಮತ್ತು ಮರ್ಸೆಡ್‌ನವರದು ಸೆಮಿಸ್ಟರ್, ಉಳಿದ ಹೆಚ್ಚಿನವರದು ಸುಮಾರು ಹತ್ತು ವಾರಗಳ ಕ್ವಾರ್ಟರ್ ಪದ್ಧತಿ. ತರಗತಿ ಆರಂಭವಾಗುವ ದಿನವೇ ಒಂದಲ್ಲ, ಒಂದರ ಕ್ರೆಡಿಟ್ ಇನ್ನೊಂದರಲ್ಲಿ ಅಷ್ಟೇ ಆಗಿ ಉಳಿಯುವುದೂ ಇಲ್ಲ. ಅಂಥ ವ್ಯತ್ಯಾಸವನ್ನು ಲೆಕ್ಕ ಹಾಕಿ ಸರಿಹೊಂದಿಸಿಕೊಳ್ಳಲು ಸಾಧ್ಯವಾಗಿರುವಾಗ, ಒಂದೇ ಸೆಮಿಸ್ಟರ್ ಪದ್ಧತಿಯಿರುವ ನಮಗೆ ಸ್ಥಳೀಯ ರಜೆಗಳ ಪಟ್ಟಿಯೊಂದನ್ನು ಎಲ್ಲ ಕ್ಯಾಂಪಸ್ಸಿಗೂ ಕಳಿಸುವುದು ಆಗದ ಕೆಲಸವಲ್ಲ.

ಅರ್ಜಿ ಹಾಕಬೇಕೆಂದಿರುವವರಿಗೆ ನನ್ನ ಅನುಭವದಿಂದ ಹೇಳುವುದಿಷ್ಟು. ವಿದ್ಯಾರ್ಥಿವೇತನವನ್ನು ನಂಬಿ ಓದುತ್ತಿರುವವರು, ನವೀಕರಣಕ್ಕೆ ಅಂಕಪಟ್ಟಿ ಬೇಕಾಗುವ ಸೆಮಿಸ್ಟರಿನಲ್ಲಿ ಬೇರೆ ಕ್ಯಾಂಪಸ್ಸಿನ ಪತ್ರಿಕೆಯನ್ನು ತೆಗೆದುಕೊಳ್ಳಬೇಡಿ. ಈ ಮಾತನ್ನು ಬರೆಯಲು ನನಗೆ ಬೇಸರವಿದೆ, ಆದರೆ ಅಂಕಗಳು ಲಕೋಟೆಯಲ್ಲಿ ಓಡಾಡುವವರೆಗೆ ಬೇರೆ ಸಲಹೆ ಕೊಡಲಾರೆ. ಎರಡೂ ಕ್ಯಾಂಪಸ್ಸಿನ ಒಪ್ಪಿಗೆ ಪತ್ರದ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅಂಕ ಕಳಿಸಿದ ಪತ್ರದ ರವಾನೆ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಿ. ನನ್ನ ಲಕೋಟೆ ಕೊನೆಗೆ ಪತ್ತೆಯಾದದ್ದು ಆ ಸಂಖ್ಯೆಯಿಂದಲೇ. ಬುಧವಾರ ನಿಮ್ಮ ಕೇಂದ್ರದಲ್ಲಿ ತಪ್ಪುವ ತರಗತಿಗಳ ಹಾಜರಾತಿಯ ಬಗ್ಗೆ ವಿಭಾಗದ ಮುಖ್ಯಸ್ಥರಿಂದ ಮೊದಲ ವಾರವೇ ಬರಹದಲ್ಲಿ ಅನುಮತಿ ಪಡೆಯಿರಿ, ಇಲ್ಲದಿದ್ದರೆ ಸೆಮಿಸ್ಟರಿನ ಕೊನೆಗೆ ಶೇ. 75ರ ಲೆಕ್ಕದಲ್ಲಿ ತೊಂದರೆಯಾಗುತ್ತದೆ.

ನಾಲ್ಕನೆಯ ಸೆಮಿಸ್ಟರಿಗೆ ಶಾಸನಲಿಪಿಯ ಮುಂದುವರಿದ ಪತ್ರಿಕೆಯನ್ನು ಮೇಡಂ ಈ ಬಾರಿ ಕೊಡುತ್ತಿದ್ದಾರೆ. ಬ್ರಾಹ್ಮಿಯಿಂದ ಹಳಗನ್ನಡ ಲಿಪಿಯವರೆಗೆ ಬರುತ್ತದೆಯಂತೆ. ನವೀಕರಣಕ್ಕೆ ಅಂಕಪಟ್ಟಿ ಕೊಡಬೇಕಾದ ವರ್ಷ ಇದಲ್ಲವಾದ್ದರಿಂದ ನಾನು ಅರ್ಜಿ ಹಾಕಿದ್ದೇನೆ. ತರಗತಿ ಈಗ ಗುರುವಾರಕ್ಕೆ ಹೋಗಿದೆ, ಬಸ್ಸು ಅದೇ ಆರೂಕಾಲರದು.