ಹೊಳೆಗೆ ಅಂತ ಆನ್‌ಲೈನ್‌ನಲ್ಲಿ ಕಾಂಬೋ ಕಯಾಕ್ ತಗೊಳ್ಳೋ ಮುಂಚೆ ಒಂದ್ಸಲ ಇದನ್ನ ಓದಿ

ಮೊದ್ಲೇ ಹೇಳ್ಬಿಡ್ತೀನಿ, ಯಾರಿಗೂ ಏನೂ ಆಗ್ಲಿಲ್ಲ. ನನ್ನ ಕನ್ನಡಕ ಹೋಯ್ತು, ಭಾವಮೈದನ ಒಂದು ಚಪ್ಪಲಿ ಹೋಯ್ತು, 14,500 ರೂಪಾಯಿ ಹೋಯ್ತು, ಅಷ್ಟೆ. ಆದ್ರೆ ಇನ್ನೊಂದು ಹತ್ತು ನಿಮಿಷ ಹಾಗೇ ಬಿಟ್ಟಿದ್ರೆ ಏನಾಗ್ತಿತ್ತು ಅಂತ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ತೊಳೆಸತ್ತೆ, ಅದಕ್ಕೇ ಬರೀತಿದೀನಿ.

ಹೆಂಡತಿ ಮನೆ ಹೊನ್ನಾವರದ ಹತ್ರ. ಪ್ರತಿ ಸಲ ಹೋದಾಗ್ಲೂ ಶರಾವತಿ ಹೊಳೆ ನೋಡೋದು, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಮಧ್ಯೆ ಕಯಾಕ್‌ನಲ್ಲಿ ಹೋಗೋರನ್ನ ನೋಡೋದು, ನಮ್ದೇ ಒಂದು ಇದ್ರೆ ಅಂತ ಅನ್ಸೋದು. ಬೆಂಗ್ಳೂರಲ್ಲಿ ಕೂತು ಆರ್ಡರ್ ಮಾಡ್ದೆ. ಇಬ್ಬರು ಕೂರೋ ಗಾಳಿ ತುಂಬೋ ಕಯಾಕ್, ಎರಡು ಹುಟ್ಟು, ಪಂಪು, ಜೊತೆಗೆ ಎರಡು ಲೈಫ್ ಜಾಕೆಟ್ 'ಫ್ರೀ'. ರಿವ್ಯೂ ಎಲ್ಲ ಐದು ಸ್ಟಾರ್. ಆಮೇಲೆ ಗಮನಿಸಿದ್ದು, ರಿವ್ಯೂನಲ್ಲಿ ಜನ ಹಾಕಿದ್ದ ಫೋಟೋ ಒಂದೊಂದೂ ಅಪಾರ್ಟ್‌ಮೆಂಟ್ ಸ್ವಿಮ್ಮಿಂಗ್ ಪೂಲ್‌ದು, ಹೊಳೆದು ಒಂದೂ ಇರ್ಲಿಲ್ಲ. ಅಲ್ಲೇ ನಂಗೆ ತಲೆಗೆ ಹೊಳೀಬೇಕಿತ್ತು.

ಹುಣ್ಣಿಮೆ ಮಾರನೇ ದಿನ. ಪ್ಲಾನ್ ಇದ್ದಿದ್ದು ಎಂಟೂವರೆಗೆ ಇಳಿಯೋದು, ಸಮುದ್ರದ ಭರತದ ನೀರು ಹೊಳೇಲಿ ಏರ್ತಿರತ್ತೆ, ಅದರ ಜೊತೆಗೇ ಮೇಲಕ್ಕೆ ಹೋಗಿ ಬರೋಣ ಅಂತ. ಆದ್ರೆ ಅತ್ತೆ ಬನ್ಸ್ ಮಾಡಿದ್ರು, ಅದಾದ್ಮೇಲೆ ಆ ಕೈ ಪಂಪಲ್ಲಿ ಗಾಳಿ ತುಂಬೋಕೇ ಮುಕ್ಕಾಲು ಗಂಟೆ, ವಾಲ್ವ್ ಮುಚ್ಚೋ ಅಷ್ಟರಲ್ಲಿ ಅರ್ಧ ಗಾಳಿ ವಾಪಸ್ ಬರ್ತಿತ್ತು, ಮತ್ತೆ ತುಂಬೋದು. ನೀರಿಗೆ ಇಳಿದಾಗ ಹನ್ನೆರಡಾಗೋಕೆ ಬಂದಿತ್ತು. ಇಳಿತ ಶುರುವಾಗಿತ್ತು ಅಂತ ನಮಗೆ ಗೊತ್ತೂ ಆಗ್ಲಿಲ್ಲ, ಮೇಲಿಂದ ನೋಡಿದ್ರೆ ನೀರು ಸುಮ್ಮನೇ ನಿಂತಂಗೆ ಕಾಣ್ತಿತ್ತು. ಭರತ ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗತ್ತೆ, ಹುಣ್ಣಿಮೆ ಅಮಾವಾಸ್ಯೆ ಆಸುಪಾಸು ಸೆಳೆತ ಜಾಸ್ತಿ, ಇದೆಲ್ಲ ಅಲ್ಲಿ ಮೀನು ಹಿಡಿಯೋರ ಮನೆ ಮಕ್ಕಳಿಗೂ ಗೊತ್ತು, ನನಗೆ ಗೊತ್ತಿರ್ಲಿಲ್ಲ.

ಮೊದಲ ತೊಂದ್ರೆ, ದೋಣಿ ನೇರ ಹೋಗ್ತಾನೇ ಇರ್ಲಿಲ್ಲ. ಎಡಕ್ಕೆ ಒಂದು ಹುಟ್ಟು ಹಾಕಿದ್ರೆ ಪೂರ್ತಿ ತಿರುಗಿ ನಿಲ್ಲೋದು. ಹಿಂದೆ ತಳಕ್ಕೆ ಸಿಗಿಸೋ ಮೀನಿನ ರೆಕ್ಕೆ ಥರ ಒಂದು ಪ್ಲಾಸ್ಟಿಕ್ ಬಂದಿತ್ತು, ಸ್ಕೆಗ್ ಅಂತಾರಂತೆ, ದೋಣಿ ನೇರ ಹೋಗೋ ಹಾಗೆ ಹಿಡಿಯೋದೇ ಅದು, ಎಲ್ಲಿಗೆ ಸಿಗಿಸೋದು ಅಂತ ಗೊತ್ತಾಗ್ದೆ ಡಬ್ಬದಲ್ಲೇ ಬಿಟ್ಟು ಬಂದಿದ್ವಿ (ಡಬ್ಬ ಬೆಂಗ್ಳೂರಲ್ಲಿ). ಗಾಳಿ ತುಂಬಿದ ದೋಣಿ ನೀರಿನ ಮೇಲೇ ತೇಲ್ತಾ ಇರತ್ತೆ, ಪಕ್ಕದ ಟ್ಯೂಬ್ ಎತ್ತರ, ಸ್ವಲ್ಪ ಗಾಳಿ ಬೀಸಿದ್ರೂ ಹಾಯಿ ಥರ ಹಿಡ್ಕೊಳತ್ತೆ. ಮಧ್ಯಾಹ್ನ ಆಗ್ತಾ ಆಗ್ತಾ ಸಮುದ್ರದ ಕಡೆಯಿಂದ ಗಾಳಿ ಏಳತ್ತಲ್ಲ, ಅದು ದೋಣಿ ಮೂತಿ ತಿರುಗಿಸ್ತಿತ್ತು, ಕೆಳಗಿನ ನೀರು ಅಳಿವೆ (ಹೊಳೆ ಸಮುದ್ರ ಸೇರೋ ಜಾಗ) ಕಡೆಗೆ ಎಳೀತಿತ್ತು, ಗಾಳಿಗೂ ನೀರಿಗೂ ಎದುರುಬದುರಾಗಿ ಚಿಕ್ಕ ಚಿಕ್ಕ ಅಲೆ ಎದ್ದು ಒಳಗೆಲ್ಲ ನೀರು. ಅಷ್ಟರಲ್ಲಿ ಭಾವಮೈದನ ಹುಟ್ಟು ಮಧ್ಯದ ಜೋಡಣೇಲಿ ಕಳಚ್ಕೊಳ್ತು. ನಾಲ್ಕು ತುಂಡು ಸೇರಿಸೋ ಅಲ್ಯೂಮಿನಿಯಂ ಹುಟ್ಟು ಅದು, ಒಳಗಿನ ಸ್ಪ್ರಿಂಗ್ ಬಟನ್ ಸರಿಯಾಗಿ ಕೂತೇ ಇರ್ಲಿಲ್ಲ. ಅರ್ಧ ಹುಟ್ಟು ತೇಲ್ಕೊಂಡು ನಮಗಿಂತ ಮುಂಚೆ ಹೋಯ್ತು.

ಹೈವೇ ಸೇತುವೆ ಕಂಬಕ್ಕೆ ಅಡ್ಡಡ್ಡವಾಗಿ ಹೋಗಿ ತಗುಲಿದ್ವಿ. ಕಂಬಕ್ಕೆ ಸಿಂಪಿ ಚಿಪ್ಪು ಅಂಟ್ಕೊಂಡಿರತ್ತೆ, ಬ್ಲೇಡ್ ಥರ. ಒಂದು ಕಡೆ ಟ್ಯೂಬ್ ಸುಯ್ ಅಂತು, ಮಗುಚ್ಕೊಂಡ್ವಿ.

ಇಲ್ಲಿವರೆಗಿನದು ದೋಣಿ ಕಥೆ, ಅದನ್ನ ಬೇಕಾದ್ರೆ ಮರೀಬಹುದು. ನಾನು ಬರೀಬೇಕು ಅಂತ ಕೂತಿದ್ದು ಜಾಕೆಟ್ ಬಗ್ಗೆ. ನೀರಿಗೆ ಬಿದ್ದ ತಕ್ಷಣ ಜಾಕೆಟ್ ಮೇಲಕ್ಕೆ ಹೋಯ್ತು, ನಾನು ಕೆಳಗೇ ಉಳ್ದೆ. ಕಿವಿ ತನಕ ಏರಿ ಗಲ್ಲ, ಬಾಯಿ ಎಲ್ಲ ಒಳಗೆ. ಒಂದು ಕೈಯಲ್ಲಿ ಅದನ್ನ ಕೆಳಗೆ ಎಳ್ಕೊಬೇಕು, ಇನ್ನೊಂದು ಕೈಯಲ್ಲಿ ದೋಣಿ ಹಿಡ್ಕೊಬೇಕು, ಈಜೋಕೆ ಕೈ ಎಲ್ಲಿಂದ ತರ್ಲಿ? ಭಾವಮೈದ ಜೀನ್ಸ್ ಹಾಕಿದ್ದ, ಅವನಿಗೆ ಕಾಲೇ ಎತ್ತೋಕಾಗ್ತಿಲ್ಲ. 'ಭಾವಾ ಬಿಡ್ಬೇಡ, ದೋಣಿ ಬಿಡ್ಬೇಡ' ಅಂತ ಕೂಗ್ತಿದ್ದ. ಸೀಟಿ ಇರ್ಲಿಲ್ಲ, ಸೇತುವೆ ಮೇಲಿನ ಲಾರಿ ಸದ್ದಲ್ಲಿ ನಮ್ಮ ಕೂಗು ಯಾರಿಗೂ ಕೇಳ್ಸ್ತಿರ್ಲಿಲ್ಲ.

ಬಲೆ ಹಾಕೋಕೆ ಬಂದಿದ್ದ ಒಬ್ಬ ಹಿರಿಯರು ನೋಡಿ ದೋಣಿ ತಿರುಗಿಸ್ಕೊಂಡು ಬಂದ್ರು. ಎಳೆದು ಹಾಕ್ಕೊಂಡು ಮೊದ್ಲು ನೀರು ಕುಡಿಸಿದ್ರು, ಆಮೇಲೆ ಬೈದ್ರು. 'ತಮಾ, ಇದೆಂತ ಬಲೂನು ತಕಂಡು ಬಂದಿದ್ರಿ? ಇಳಿತ ಇದ್ದಾಗ ಯಾರಾರೂ ಅಳಿವೆ ಬದಿಗೆ ಬರ್ತಾರೆನ?' ದುಡ್ಡು ಕೊಡೋಕೆ ಹೋದ್ರೆ ತಗೊಳ್ಲಿಲ್ಲ.

ಮನೆಗೆ ಬಂದು ಜಾಕೆಟ್ ಹೊಲಿಗೆ ಬಿಚ್ಚಿ ನೋಡ್ದೆ. ಟೀವಿ ಡಬ್ಬದಲ್ಲಿ ಬರೋ ಪ್ಯಾಕಿಂಗ್ ಫೋಮ್ ಇರತ್ತಲ್ಲ, ಅದೇ ತೆಳು ಹಾಳೆ ನಾಲ್ಕು. ಕುತ್ತಿಗೆ ಹತ್ರದ ಲೇಬಲ್‌ನಲ್ಲಿ ಇರುವೆ ಗಾತ್ರದ ಇಂಗ್ಲಿಷ್‌ನಲ್ಲಿ ಇದು ಜೀವರಕ್ಷಕ ಸಾಧನ ಅಲ್ಲ ಅಂತ ಬರೆದಿತ್ತು. ಮಾರಿದವರಿಗೆ ಫೋನ್ ಮಾಡಿದ್ರೆ, ಬಳಸಿದ ವಸ್ತು ವಾಪಸ್ ಇಲ್ಲ ಸರ್. ಆಯ್ತಪ್ಪ.

ನಾವೆಲ್ಲ ದುಡ್ಡು ತಲೆಕೆಳಗಾಗಿ ಖರ್ಚು ಮಾಡ್ತೀವಿ, ದೋಣಿಗೆ ಜಾಸ್ತಿ, ಮೈಮೇಲೆ ಹಾಕ್ಕೊಳೋದು ಫ್ರೀ. ನಾನೀಗ ಮೊದ್ಲು ತಗೊಂಡಿದ್ದು ಜಾಕೆಟ್. ಐಎಸ್‌ಒ 12402 (ಲೈಫ್ ಜಾಕೆಟ್‌ಗೆ ಇರೋ ಅಂತರರಾಷ್ಟ್ರೀಯ ಮಾನದಂಡ) ಅಂತ ಮುದ್ರೆ, ಎಷ್ಟು ನ್ಯೂಟನ್, ಎಷ್ಟು ಕೆಜಿ ತೂಕದವರಿಗೆ, ಇಷ್ಟೂ ಲೇಬಲ್ ಮೇಲೆ ಇರ್ಬೇಕು. 50 ನ್ಯೂಟನ್ ಅಂದ್ರೆ ಸುಮಾರು ಐದು ಕೆಜಿ ಎತ್ತೋ ಶಕ್ತಿ, ಅದು ಈಜು ಬರೋರಿಗೆ, ದಡ ಹತ್ರ ಇದ್ದಾಗ. ಪ್ರಜ್ಞೆ ತಪ್ಪಿದ್ರೆ ಅದು ಮುಖ ಮೇಲಕ್ಕೆ ತಿರುಗಿಸಲ್ಲ. ಈಜು ಬರದೋರು 100ಕ್ಕಿಂತ ಕಡಿಮೆ ನೋಡ್ಲೇಬೇಡಿ. ಹಾಕ್ಕೊಂಡು ಎಲ್ಲ ಪಟ್ಟಿ ಬಿಗಿ ಮಾಡಿ, ಯಾರಿಗಾದ್ರೂ ಭುಜದ ಹತ್ರ ಹಿಡಿದು ಮೇಲಕ್ಕೆ ಎಳೀರಿ ಅಂತ ಹೇಳಿ. ಕಿವಿಗೆ ಬಂತು ಅಂದ್ರೆ ಅದು ನಿಮ್ಮ ಸೈಜ್ ಅಲ್ಲ. ಅಂಗಡೀಲಿ ಈ ಥರ ಎಳೆದು ನೋಡೋಕೆ ನಾಚ್ಕೆ ಆಗತ್ತೆ ನಿಜ, ನಂಗೂ ಆಯ್ತು, ಸೇಲ್ಸ್‌ನ ಹುಡುಗ ನಕ್ಕ. ಒಂದು ಸೀಟಿ ಜಾಕೆಟ್‌ಗೇ ಕಟ್ಬಿಡಿ, ಬ್ಯಾಗಲ್ಲಿದ್ರೆ ಏನೂ ಉಪಯೋಗ ಇಲ್ಲ.

ಗಾಳಿ ದೋಣಿ ಎಲ್ಲಾನೂ ಕೆಟ್ಟದ್ದು ಅಂತ ಹೇಳ್ತಿಲ್ಲ. ಡ್ರಾಪ್ ಸ್ಟಿಚ್ ಅನ್ನೋ ತಳ (ಮೇಲಿನ ಕೆಳಗಿನ ಪದರಾನ ಒಳಗೆ ನೂಲಿಂದ ಹಿಡಿದಿರತ್ತೆ) ಇರೋದು ಹಲಗೆ ಥರ ಗಟ್ಟಿ ನಿಲ್ಲತ್ತೆ, ಆದ್ರೆ ಬೆಲೆ ನಮ್ಮ ಕಾಂಬೋದ ಮೂರು ನಾಲ್ಕು ಪಟ್ಟು. ಇನ್ನೊಂದು, ಗಟ್ಟಿಯಾಗಿ ತುಂಬಿಸಿ ಬಿಸಿಲಲ್ಲಿ ಇಟ್ರೆ ಒಳಗಿನ ಗಾಳಿ ಹಿಗ್ಗಿ ಅಂಟು ಬಿಡತ್ತೆ, ಕಾರ್ ಮೇಲೆ ತುಂಬಿದ್ದನ್ನ ಕಟ್ಕೊಂಡು ಹೋಗೋರು ನೋಡ್ಕೊಳಿ. ನಾನಂತೂ ವರ್ಷಕ್ಕೆ ಮೂರು ಸಲ ಹೋಗೋನು, ಈಗ ಅಲ್ಲೇ ಬಾಡಿಗೆಗೆ ಸಿಗೋ ಗಟ್ಟಿ ಪ್ಲಾಸ್ಟಿಕ್‌ದು ತಗೋತೀನಿ, ಮೇಲೆ ಕೂರೋ ಥರದ್ದು. ಒಳಗೆ ಬಂದ ನೀರು ತೂತಿನಿಂದ ಹಾಗೇ ಹೊರಗೆ ಹೋಗತ್ತೆ, ಚಿಪ್ಪು ತಗುಲಿದ್ರೆ ಗೀರು ಬೀಳತ್ತೆ ಅಷ್ಟೆ. ಜಾಕೆಟ್ ಮಾತ್ರ ನನ್ದೇ ಒಯ್ತೀನಿ, ಅವರು ಎಷ್ಟೇ ಒಳ್ಳೇದು ಇದೆ ಅಂದ್ರೂ. ಇಳಿಯೋ ಟೈಮನ್ನ ಅಲ್ಲಿನವರು ಹೇಳ್ತಾರೆ, ಅದನ್ನ ಕೇಳ್ತೀನಿ, ಬನ್ಸ್ ವಾಪಸ್ ಬಂದ್ಮೇಲೆ.

ಮೊನ್ನೆ ನೋಡ್ದೆ, ಅದೇ ಕಾಂಬೋ ಈಗ 11,999ಕ್ಕೆ ಇಳಿದಿದೆ. ಫೋಟೋ ಬದಲಾಯಿಸಿದಾರೆ, ಈ ಸಲ ಹಿಂದೆ ಸಮುದ್ರ ಇದೆ.